ವೀಣೆ ಟೀಚರ್ ಫೋಟೋ ತೆಗೀಬೇಕು, ವಾದ್ಯದ ಜೊತೆ ಹೇಗೆ ಕೂರಿಸೋದು? ಅನುಭವ ಇರೋರು ಹೇಳಿ

ನಮ್ಮ ವೀಣೆ ಟೀಚರ್‌ಗೆ ಅರವತ್ತು ತುಂಬ್ತಿದೆ, ಶಿಷ್ಯರೆಲ್ಲ ಸೇರಿ ಕಛೇರಿ ಇಟ್ಕೊಂಡಿದೀವಿ. ಆಹ್ವಾನ ಪತ್ರಿಕೆಗೆ ಅವರದ್ದೂ ಪಿಟೀಲು, ಮೃದಂಗದವರದ್ದೂ ಫೋಟೋ ತೆಗೆಯೋ ಕೆಲಸ ನನಗೆ ಬಂದಿದೆ. ವಾದ್ಯ ಪಕ್ಕದಲ್ಲಿಟ್ಕೊಂಡು ಕ್ಯಾಮೆರಾ ನೋಡಿ ನಗೋ ಥರದ್ದು ಬೇಡ. 35 ಮತ್ತೆ 85 ಎಂಎಂ ಲೆನ್ಸ್ ಇದೆ, ಫ್ಲಾಶ್ ಇಲ್ಲ, ಅವರ ಮನೆ ಹಾಲ್‌ನಲ್ಲೇ ತೆಗೀಬೇಕು. ದಯವಿಟ್ಟು ಐಡಿಯಾ ಕೊಡಿ.

ಮೈಸೂರಿನಿಂದ:
ಪೋಸ್ ಕೊಡಿ ಅನ್ನಬೇಡಿ, ನುಡಿಸಿ ಅನ್ನಿ. ನಾನು ತುಂಬಾ ವರ್ಷದಿಂದ ಕಛೇರಿ ಫೋಟೋ ತೆಗೀತಿದೀನಿ, ಸುಮ್ನೆ ವಾದ್ಯ ಹಿಡಿದು ಕೂತವರ ಫೋಟೋ ನೋಡಿದ ತಕ್ಷಣ ಗೊತ್ತಾಗುತ್ತೆ, ಬೆರಳು ತಂತಿ ಮೇಲೆ ಇದೆ ಅಷ್ಟೇ, ಒತ್ತಿಲ್ಲ ಅಂತ. ತೋಡಿನೋ ಭೈರವಿನೋ ಯಾವುದಾದ್ರೂ ರಾಗ ನಿಧಾನವಾಗಿ ಆಲಾಪನೆ (ತಾಳ ಇಲ್ಲದೆ ರಾಗ ಬಿಡಿಸೋದು) ಮಾಡ್ತಿರಿ ಅಂತ ಕೇಳ್ಕೊಳ್ಳಿ, ಸ್ವಲ್ಪ ಹೊತ್ತು ಕ್ಯಾಮೆರಾ ಎತ್ತಲೇಬೇಡಿ. ಗಮಕಕ್ಕೆ, ಅಂದ್ರೆ ಸ್ವರ ಓಲಾಡಿಸೋಕೆ, ಎಡಗೈ ಬೆರಳು ತಂತೀನ ಮೆಟ್ಟಿಲ (ತಂತಿ ಕೆಳಗಿನ ಹಿತ್ತಾಳೆ ಪಟ್ಟಿ) ಮೇಲೆ ಪಕ್ಕಕ್ಕೆ ಎಳೆಯುತ್ತಲ್ಲ, ಆಗ ಕೈ ನರ ಎದ್ದು ಕಾಣುತ್ತೆ, ಹುಬ್ಬು ಸ್ವಲ್ಪ ಮೇಲೆ ಹೋಗುತ್ತೆ, ಆಮೇಲೆ ಒಂದು ಸಂಚಾರ, ಅಂದ್ರೆ ಸ್ವರಗಳ ಒಂದು ಓಟ, ಮುಗಿಸಿ ಸ್ವರದ ಮೇಲೆ ನಿಂತಾಗ ಮುಖ ಅಲ್ಲಾಡದೆ ನಿಲ್ಲುತ್ತೆ, ಕ್ಲಿಕ್ ಮಾಡಬೇಕಾದ್ದು ಆಗ.

ನೀವೂ ನೆಲದ ಮೇಲೆ ಕೂರಬೇಕು, ಕ್ಯಾಮೆರಾ ವೀಣೆಯ ದಂಡಿ (ಉದ್ದನೆ ಕತ್ತು) ಮಟ್ಟಕ್ಕೆ ಬರಬೇಕು. ವೀಣೆ ಸುಮಾರು ನಾಲ್ಕಡಿ ಉದ್ದ, ಎದುರಿಂದ ಪೂರ್ತಿ ಹಿಡಿದ್ರೆ ಮುಖ ಪುಟ್ಟದಾಗಿಬಿಡುತ್ತೆ. ಅದಕ್ಕೇ ಯಾಳಿ ಮುಖ (ತುದಿಯಲ್ಲಿ ಕೆತ್ತಿರೋ ಕಾಲ್ಪನಿಕ ಪ್ರಾಣಿಯ ತಲೆ) ಇರೋ ಕಡೆ, ಅಂದ್ರೆ ಅವರ ಎಡಗಡೆಗೆ ಹೋಗಿ ಓರೆಯಾಗಿ ನೋಡಿ, 24 ಮೆಟ್ಟಿಲ ಸಾಲು ಎಡಗೈ ತನಕ ಕಣ್ಣನ್ನ ಎಳ್ಕೊಂಡು ಹೋಗುತ್ತೆ, ಅಲ್ಲಿಂದ ಮುಖ. ಇದಕ್ಕೆ 85 ಹಾಕಿ. 35ರಲ್ಲಿ ಹತ್ತಿರ ಹೋದ್ರೆ ಯಾಳಿ ದೊಡ್ಡದಾಗಿ ಟೀಚರ್ ಹಿಂದೆ ಎಲ್ಲೋ ಇರ್ತಾರೆ. ಲೆನ್ಸ್ ಬಾಯಿ (ಅಪರ್ಚರ್) ಎಫ್ 1.8ರಷ್ಟು ಅಗಲ ಬೇಡ, ಫುಲ್ ಫ್ರೇಮ್ (ದೊಡ್ಡ ಸೆನ್ಸರ್) ಕ್ಯಾಮೆರಾ ಆದ್ರೆ ಎರಡು ಮೀಟರ್ ದೂರದಲ್ಲಿ ಶಾರ್ಪ್ ಸಿಗೋದು ಐದಾರು ಸೆಂಟಿಮೀಟರ್ ಮಾತ್ರ, ಕಣ್ಣು ಸಿಕ್ಕರೆ ಬೆರಳು ಹೋಯ್ತು. 5.6ಕ್ಕೆ ಬನ್ನಿ, ಹತ್ತಿರ ಹತ್ತಿರ ಒಂದು ಗೇಣು ಸಿಗುತ್ತೆ.

ಟ್ಯೂಬ್‌ಲೈಟ್, ಎಲ್‌ಇಡಿ ಎಲ್ಲಾ ಆಫ್ ಮಾಡಿ, ಒಂದೇ ಕಿಟಕಿ ಬೆಳಕು ಸಾಕು. ಬೆಳಕು ಪಕ್ಕದಿಂದ, ಸ್ವಲ್ಪ ಹಿಂದಿನಿಂದ ಬಿದ್ರೆನೇ ತಂತಿಗಳು ಗೆರೆಯಾಗಿ ಹೊಳೆಯೋದು. ಆದ್ರೆ ವೀಣೆನ ಬಿಸಿಲಿಗೆ ಮಾತ್ರ ಒಯ್ಯಬೇಡಿ. ಮೆಟ್ಟಿಲು ಕೂರಿಸಿರೋದು ಮೇಣದಲ್ಲಿ, ಅದು ಬಿಸಿಗೆ ಮೆತ್ತಗಾದ್ರೆ ಮೆಟ್ಟಿಲು ಜರುಗಿ ಮತ್ತೆ ಮೇಳ ಕಟ್ಟಿಸಬೇಕಾಗುತ್ತೆ (ಮೆಟ್ಟಿಲೆಲ್ಲ ಸ್ವರಕ್ಕೆ ಸರಿಯಾಗಿ ಕೂರಿಸೋದು), ಅದು ಸಣ್ಣ ಕೆಲಸ ಅಲ್ಲ.

ಬೆಂಗಳೂರಿನಿಂದ:
ನಾನು ಮೃದಂಗ ನುಡಿಸೋನು. ಮೃದಂಗದವರನ್ನ ಅವರ ಬಲಗಡೆಯಿಂದ ತೆಗೀರಿ, ಕರಣೆಯ (ಚರ್ಮದ ಮೇಲೆ ಹಚ್ಚಿರೋ ಲೇಪ) ಕಪ್ಪು ವೃತ್ತ ಫ್ರೇಮ್‌ನಲ್ಲಿ ಬರಲಿ, ಅದರ ಮೇಲೆ ಬೆರಳು. ಶಟರ್ 1/30 ಸೆಕೆಂಡಿಗೆ ಇಳಿಸಿದ್ರೆ ಕೈ ಕರಗಿದ ಹಾಗೆ ಬರುತ್ತೆ, ಮುಖ ಸ್ಥಿರವಾಗಿದ್ರೆ ಅದು ಶಾರ್ಪ್ ಆಗೇ ಇರುತ್ತೆ, ತುಂಬಾ ಜೀವ ಇರುತ್ತೆ ಅಂಥ ಫೋಟೋದಲ್ಲಿ. ಮತ್ತೆ ಒಂದು ವಿನಂತಿ, ಆ್ಯಂಗಲ್ ಹುಡುಕ್ತಾ ವಾದ್ಯ ದಾಟಬೇಡಿ, ಕೇಳದೆ ಎತ್ತಿಡಬೇಡಿ. ನಮಗೆ ಅದು ತುಂಬಾ ನೋವಾಗುತ್ತೆ.

ಧಾರವಾಡದಿಂದ:
ನಮ್ಮ ಕಡೆ ಸಿತಾರ್ ಮಂದಿ ಜಾಸ್ತಿ, ಅವರ ಫೋಟೋ ತೆಗದ ಅನುಭವದಾಗ ಹೇಳ್ತೀನ್ರಿ. ಯಾವಾಗ್ಲೂ ಮನುಷ್ಯಾ ನಡುವ, ವಾದ್ಯ ಮುಂದ ಅಂತ ಏನಿಲ್ಲ. 1946ರಾಗ ಅಮೆರಿಕದ ಫೋಟೋಗ್ರಾಫರ್ ಅರ್ನಾಲ್ಡ್ ನ್ಯೂಮನ್ ತೆಗದ, ಸಂಗೀತ ರಚನೆಕಾರ ಸ್ಟ್ರಾವಿನ್‌ಸ್ಕಿ ಅವರ ಫೋಟೋ ಹುಡುಕಿ ನೋಡ್ರಿ, ಗ್ರ್ಯಾಂಡ್ ಪಿಯಾನೋದ ಎತ್ತಿದ ಮುಚ್ಚಳಾನ ಫ್ರೇಮ್ ತುಂಬ ಐತಿ, ಅವರು ಕೆಳಗ ಎಡ ಮೂಲ್ಯಾಗ ತಲಿಗೆ ಕೈ ಹಚ್ಚಿ ಕುಂತಾರ. ಆ ಮುಚ್ಚಳ ಪಾಶ್ಚಾತ್ಯ ಸ್ವರಲಿಪಿಯ ಫ್ಲಾಟ್ ಚಿಹ್ನಿ (♭) ಥರಾ ಕಾಣ್ತದ. ಹಾರ್ಪರ್ಸ್ ಬಜಾರ್ ಪತ್ರಿಕೆಗೆ ಅಂತ ತೆಗದದ್ದು, ಪತ್ರಿಕೆಯವರು ಬ್ಯಾಡ ಅಂದ್ರು, ಈಗ ಅದು ಜಗತ್ಪ್ರಸಿದ್ಧ. ನಿಮ್ಮ ವೀಣಿ ಕೊಡಾನ (ಬಲತುದಿಯ ದುಂಡನ ಭಾಗ) ಹಂಗ ದೊಡ್ಡದಾಗಿ ಮುಂದ ತಂದು ಟೀಚರ್ ಮುಖ ಮೂಲ್ಯಾಗ ಇಟ್ಟು ಒಂದು ಪ್ರಯತ್ನ ಮಾಡ್ರಿ. ನಿಮ್ಮ 35 ಇದಕ್ಕ ಬೇಕು.

ಪಿಟೀಲಿನವರದು ತೆಗೀವಾಗ ಬಲಪಾದ ಕತ್ತರಿಸಬ್ಯಾಡ್ರಿ. ಕರ್ನಾಟಕ ಪದ್ಧತಿಯೊಳಗ ಪಿಟೀಲಿನ ತುದಿ ಆ ಪಾದದ ಮ್ಯಾಲೇ ಊರಿರ್ತದ, ಅದಿಲ್ಲಂದ್ರ ಕೂತ ರೀತಿನ ಗೊತ್ತಾಗೂದಿಲ್ಲ.

ಇನ್ನೊಂದು ಭಾಳ ಮುಖ್ಯ. ಆಹ್ವಾನ ಪತ್ರಿಕೆ ಡಿಸೈನ್ ಮಾಡವರು ಮುಖ ಒಳಗಡೆ ತಿರುಗಲಿ ಅಂತ ಫೋಟೋ ಫ್ಲಿಪ್ (ಎಡ ಬಲ ಅದಲು ಬದಲು) ಮಾಡಿಬಿಡ್ತಾರ. ಆವಾಗ ಬಲಗೈಯಾಗ ಮೀಟವರು ಎಡಗೈಯಾಗ ಮೀಟಿದಂಗ ಆಗ್ತದ. ಮೊದಲ ಹೇಳಿಬಿಡ್ರಿ, ಬೇಕಾದ್ರ ಎರಡೂ ಕಡೆ ಜಾಗ ಬಿಟ್ಟು ತೆಗದು ಕೊಡ್ರಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಫ್ಲಿಪ್ ವಿಷಯ ನನಗೆ ಹೊಳೆದೇ ಇರಲಿಲ್ಲ. ಕೊಡದ ಪಾಲಿಶ್ ಮೇಲೆ ಕಿಟಕಿ ಬೆಳ್ಳಗೆ ಹೊಳೆಯುತ್ತಲ್ಲ, ಅದಕ್ಕೇನು ಮಾಡೋದು?

ಮೈಸೂರಿನಿಂದ:
ಪೋಲರೈಸರ್ ಫಿಲ್ಟರ್ ಸಿಕ್ಕರೆ ಹಾಕಿ ತಿರುಗಿಸಿ ನೋಡಿ, ಮರದ ಪಾಲಿಶ್ ಮೇಲಿನ ಹೊಳಪು ಕಡಿಮೆ ಆಗುತ್ತೆ, ಹಿತ್ತಾಳೆ ಮೆಟ್ಟಿಲ ಹೊಳಪು ಹಾಗೇ ಇರುತ್ತೆ, ಇದ್ದರೇ ಚೆಂದ. ಫಿಲ್ಟರ್ ಇಲ್ಲಾಂದ್ರೆ ಕಿಟಕಿಗೆ ಒಂದು ತೆಳು ಬಿಳಿ ಪಂಚೆ ಕಟ್ಟಿ. ಆಮೇಲೆ ಫೋಟೋ ಆರಿಸೋವಾಗ ಟೀಚರ್‌ನೂ ಪಕ್ಕದಲ್ಲಿ ಕೂರಿಸ್ಕೊಳ್ಳಿ, ಬೆರಳು ಸರಿಯಾದ ಜಾಗದಲ್ಲಿದೆಯಾ ಅಂತ ಅವರೇ ಹೇಳ್ತಾರೆ.