ಸಹಾಯ ಬೇಕು: ಬ್ಯಾಡಗಿ ಮೆಣಸಿನ ಎಲೆಯ ಡಿಎನ್‌ಎ ಶುದ್ಧವಾಗಿ ಬರುತ್ತಿಲ್ಲ
ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ, ಊರು ಬ್ಯಾಡಗಿ ಹತ್ತಿರ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ನಮ್ಮ ಮೆಣಸಿನಕಾಯಿಯ ಡಬ್ಬಿ, ಕಡ್ಡಿ ತಳಿಗಳ ಡಿಎನ್‌ಎ ಹೋಲಿಸಬೇಕು.

ಜೀವಕೋಶ ಒಡೆದು ಡಿಎನ್‌ಎ ಹೊರತೆಗೆಯಲು ಬಳಸುವ ಸಿಟ್ಯಾಬ್ (CTAB) ದ್ರಾವಣದಲ್ಲಿ ಅರೆದ ಎಲೆಯನ್ನು 65 ಡಿಗ್ರಿ ಬಿಸಿನೀರಿನಲ್ಲಿ ಇಡುತ್ತೇನೆ. ಕೊನೆಗೆ ಹತ್ತಿಯ ಎಳೆಯಂತೆ ಬೆಳ್ಳಗೆ ತೇಲಬೇಕಾದ ಡಿಎನ್‌ಎ ಚಹಾದ ಬಣ್ಣಕ್ಕೆ ತಿರುಗುತ್ತಿದೆ. ಬೆಳಕು ಹೀರುವಿಕೆಯಿಂದ ಡಿಎನ್‌ಎ ಎಷ್ಟು ಶುದ್ಧ ಎಂದು ತೋರಿಸುವ 260/280 ಅನುಪಾತ 1.8ರ ಆಸುಪಾಸು ಇರಬೇಕು, ನನಗೆ 1.4 ದಾಟುತ್ತಿಲ್ಲ. ಡಿಎನ್‌ಎ ತುಣುಕಿನ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಮೂರು ಸಲ ಕೈಕೊಟ್ಟಿತು. ಕಂದು ಬಣ್ಣ ತರುವ, ಬಲಿತ ಎಲೆಯ ಫಿನಾಲ್‌ ರಾಸಾಯನಿಕಗಳದೇ ಕಾಟ ಎಂದು ನನ್ನ ಅನುಮಾನ. ಮೆಣಸಿನ ಗಿಡದಲ್ಲಿ ಕೆಲಸ ಮಾಡಿದವರು ಫಿನಾಲ್ ಹಿಡಿದಿಡುವ ಪಿವಿಪಿ ಪುಡಿ ಎಷ್ಟು ಹಾಕುತ್ತೀರಿ, ಎಷ್ಟು ದಿನದ ಎಲೆ ಕೀಳುತ್ತೀರಿ, ದಯವಿಟ್ಟು ತಿಳಿಸಿ.

ಮನೆಯಲ್ಲೇ ಜವಾರಿ ಬೀಜ ಕಾಯ್ದುಕೊಂಡು ಬಂದ ಹಾವೇರಿ, ಗದಗ ಕಡೆಯ ರೈತರಿದ್ದರೂ ಹೇಳಿ. ಒಂದು ಹಿಡಿ ಬೀಜ ಸಾಕು, ನಾನೇ ಬಂದು ಒಯ್ಯುತ್ತೇನೆ.