[ಪದಚರ್ಚೆ] ಪ್ಲಾಸಿಬೊ: ಒಪ್ಪಿಗೆ ಪತ್ರಕ್ಕೆ ತುರ್ತಾಗಿ ಪದ ಬೇಕು

ಬೆಳಗಾವಿಯಿಂದ:
ಮಾನ್ಯರೇ, ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಯ ಹೊಸ ಔಷಧವೊಂದರ ಪ್ರಯೋಗಕ್ಕೆ ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸೋಮವಾರ ನೈತಿಕ ಸಮಿತಿಗೆ ಕೊಡಬೇಕು. ಅರ್ಧ ಜನರಿಗೆ ಔಷಧ, ಉಳಿದವರಿಗೆ ಪ್ಲಾಸಿಬೊ, ಅಂದರೆ ನೋಡಲು ಅದರಂತೆಯೇ ಇದ್ದು ಒಳಗೆ ಔಷಧವಿಲ್ಲದ್ದು. ಇದಕ್ಕೆ ‘ಹುಸಿಮದ್ದು’ ಎಂದು ಬರೆದಿದ್ದೆ. ಕರಡು ಓದಿದ ರೋಗಿಯೊಬ್ಬರ ಅಣ್ಣ ‘ಹುಸಿ ಎಂದರೆ ಮೋಸವಲ್ಲವೇ?’ ಎಂದು ಹಾಳೆಯನ್ನು ಮಡಚಿ ಹಿಂದಕ್ಕೆ ಕೊಟ್ಟರು. ಬೇರೆ ಪದವಿದೆಯೇ?

ಬಾಗಲಕೋಟೆಯಿಂದ:
‘ಹುಸಿಮದ್ದು’ ಅಚ್ಚಗನ್ನಡ, ಬಿಡಬೇಡಿ. ಹುಸಿನಗೆ, ಹುಸಿಮುನಿಸುಗಳಲ್ಲಿ ಮೋಸ ಎಲ್ಲಿದೆ? ಒಲ್ಲೆನೆಂದರೆ ಮೂಲಕ್ಕೆ ಹೋಗಿ. ಲ್ಯಾಟಿನ್ನಿನಲ್ಲಿ ಪ್ಲಾಸಿಬೊ ಎಂದರೆ ‘ಮೆಚ್ಚಿಸುವೆನು’. ‘ಮೆಚ್ಚುಮದ್ದು’ ಎನ್ನಿ.

ವಿಜಯಪುರದಿಂದ:
‘ಮೆಚ್ಚುಮದ್ದು’ ಯಾರ ಬಾಯಲ್ಲೂ ನಿಲ್ಲುವುದಿಲ್ಲ. ಪತ್ರಿಕೆಗಳಲ್ಲಿ ‘ಹುಸಿಬಾಂಬ್ ಕರೆ’ ಓದುವವರಿಗೆ ಹುಸಿನಗೆಯ ಉದಾಹರಣೆ ಸಾಲದು. ದೊಡ್ಡ ತೊಡಕು ‘ಮದ್ದು’. ನಮ್ಮ ಕಡೆ ಕಾಯಿಲೆಗೆ ಕೊಡುವುದು ಔಷಧ, ಗುಳಿಗೆ. ‘ಮದ್ದು ಹಾಕಿದ್ದಾರೆ’ ಎಂದರೆ ಊಟದಲ್ಲಿ ಏನೋ ಬೆರೆಸಿದ್ದಾರೆ ಎಂದರ್ಥ. ಅನ್ನದಲ್ಲಿ ವಿಷವಿದೆ ಎಂಬ ಸಂಶಯವೇ ರೋಗಲಕ್ಷಣವಾಗಿರುವವರ ಕೈಗೆ ಈ ಪದವನ್ನು ಕೊಡುತ್ತೀರಾ?

‘ಹುಸಿ’ ವಿಷಯದ ದೃಷ್ಟಿಯಿಂದಲೂ ತಪ್ಪು. ಇದೇ ಕಾಯಿಲೆಯ ಕ್ಸ್ಯಾನೊಮೆಲಿನ್-ಟ್ರೋಸ್ಪಿಯಂ ಎಂಬ ಔಷಧಕ್ಕೆ 2024ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಅದರ ಐದು ವಾರಗಳ ಪ್ರಯೋಗವೊಂದರಲ್ಲಿ ರೋಗಲಕ್ಷಣದ ಅಂಕ ಔಷಧ ಪಡೆದವರಲ್ಲಿ 21.2 ಇಳಿಯಿತು, ಪ್ಲಾಸಿಬೊ ಪಡೆದವರಲ್ಲೂ 11.6 ಇಳಿಯಿತು. ಆ ಇಳಿಕೆ ಹುಸಿಯೇ? ಅದೇ ವರ್ಷ ಎಮ್ರಾಕ್ಲಿಡಿನ್ ಎಂಬ ಇನ್ನೊಂದು ಔಷಧ ಪ್ರಯೋಗದಲ್ಲಿ ಸೋತದ್ದು ಪ್ಲಾಸಿಬೊವನ್ನು ಮೀರಿಸಲಾಗದೆ.

‘ಔಷಧವಿಲ್ಲದ ಗುಳಿಗೆ’ ಎಂದು ಬರೆಯಿರಿ. ‘ಯಾರಿಗೆ ಯಾವುದು ಸಿಕ್ಕಿದೆ ಎಂಬುದು ನಿಮಗೂ ವೈದ್ಯರಿಗೂ ತಿಳಿದಿರುವುದಿಲ್ಲ’ ಎಂಬ ವಾಕ್ಯ ಅದರ ಬೆನ್ನಿಗೇ ಬರಲಿ.

ಬಾಗಲಕೋಟೆಯಿಂದ:
ಅದು ಪದವಲ್ಲ, ವಿವರಣೆ. ಮೇಲಾಗಿ ‘ಔಷಧ’ ಸಂಸ್ಕೃತ. ‘ಮದ್ದ’ನ್ನು ಮಾಟಗಾರರಿಗೆ ಬಿಟ್ಟುಕೊಟ್ಟರೆ ವೈದ್ಯಕ್ಕೆ ನಮ್ಮದೆಂಬ ಪದ ಯಾವುದು ಉಳಿಯಿತು?

ವಿಜಯಪುರದಿಂದ:
‘ಗುಳಿಗೆ’ಯ ಮೂಲವೂ ಸಂಸ್ಕೃತದ ‘ಗುಲಿಕಾ’. ಅದನ್ನು ಪರಭಾಷೆ ಎನ್ನುವ ಒಬ್ಬ ರೋಗಿಯನ್ನು ತೋರಿಸಿ. ಮೂಲ ನೋಡಿ ಯಾರೂ ಸಹಿ ಹಾಕುವುದಿಲ್ಲ.

ಬೆಳಗಾವಿಯಿಂದ:
‘ಔಷಧವಿಲ್ಲದ ಗುಳಿಗೆ’ ಎಂದೇ ಹಾಕುತ್ತೇನೆ. ವಿವರಣೆಯಾದರೂ ಚಿಂತೆಯಿಲ್ಲ, ಆ ಅಣ್ಣನಿಗೆ ಅರ್ಥವಾಗಬೇಕು. ಇನ್ನೊಂದು ಉಳಿದಿದೆ: ‘ಅಡ್ಡ ಪರಿಣಾಮ’ವೋ, ‘ದುಷ್ಪರಿಣಾಮ’ವೋ? ಅದೂ ಸೋಮವಾರದೊಳಗೇ ಬೇಕು.