ಡೈವ್‌ನಿಂದ ಮೇಲೆತ್ತುವಾಗ ಎಡ ರೆಕ್ಕೆ ಮುರಿಯಿತು: ದುರಸ್ತಿ ಮಾಡಿದ ಜಾಗ ಗಟ್ಟಿಯಾಗಿದೆ, ಅದರ ಪಕ್ಕದಲ್ಲಿ ಮುರಿದಿದೆ

ಎರೆಹೊಲ (ಹುಬ್ಬಳ್ಳಿ):

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ಕುಂದಗೋಳದ ಕಡೆಯ ಹೊಲದಲ್ಲಿ ರಿಮೋಟ್‌ನಿಂದ ಹಾರಿಸುವ ನನ್ನ ಏರೋಬ್ಯಾಟಿಕ್ (ಕಸರತ್ತು ಮಾಡುವ) ಮಾದರಿ ವಿಮಾನ ಗಾಳಿಯಲ್ಲಿಯೇ ಎಡ ರೆಕ್ಕೆ ಕಳೆದುಕೊಂಡಿತು. ಕಾರಣ ತಿಳಿಯದೆ ಮತ್ತೆ ಕಟ್ಟಲು ಕೈ ಬರುತ್ತಿಲ್ಲ. ನಡೆದದ್ದನ್ನೆಲ್ಲ ಬರೆಯುತ್ತೇನೆ, ದಯವಿಟ್ಟು ನೋಡಿ ಹೇಳಿ.

ಬಾಲ್ಸಾ ಎಂಬ ಹಗುರ ಮರ ಮತ್ತು ಪ್ಲೈವುಡ್‌ನ ವಿಮಾನ. ರೆಕ್ಕೆ ತುದಿಯಿಂದ ತುದಿಗೆ 1.4 ಮೀಟರ್, ಬ್ಯಾಟರಿ ಸೇರಿ ತೂಕ 1.9 ಕಿಲೋ. ಎರಡು ರೆಕ್ಕೆಗಳೂ ಒಂದೇ ಕಾರ್ಬನ್ ಕೊಳವೆಯ ಮೇಲೆ ಕೂರುತ್ತವೆ. ಯುಗಾದಿಯ ಹೊತ್ತಿಗೆ ಇಳಿಸುವಾಗ ಎಡ ರೆಕ್ಕೆಯ ತುದಿ ಎರೆ ಮಣ್ಣಿನ ಬಿರುಕಿಗೆ ಸಿಕ್ಕಿ ವಿಮಾನ ಎರಡು ಸುತ್ತು ಉರುಳಿತ್ತು. ಎಡ ರೆಕ್ಕೆಯ ಸ್ಪಾರ್, ಅಂದರೆ ರೆಕ್ಕೆಯ ಉದ್ದಕ್ಕೆ ಮೇಲೊಂದು ಕೆಳಗೊಂದು ಪಟ್ಟಿಯಿರುವ ತೊಲೆ, ಬುಡದ ಹತ್ತಿರ ಸೀಳಿತ್ತು. ಅದನ್ನು ಎಪಾಕ್ಸಿಯಿಂದ ಅಂಟಿಸಿ, ಬುಡದಿಂದ ನಾಲ್ಕನೆಯ ರಿಬ್‌ವರೆಗೆ (ರಿಬ್ ಎಂದರೆ ರೆಕ್ಕೆಗೆ ಆಕಾರ ಕೊಡುವ ಅಡ್ಡ ಹಲಗೆ) ಎರಡೂ ಬದಿಗೆ 3 ಮಿ.ಮೀ. ಪ್ಲೈವುಡ್ ಪಟ್ಟಿ ಕೊಟ್ಟೆ. ಸ್ಪಾರ್‌ನ ಮೇಲಿನ, ಕೆಳಗಿನ ಪಟ್ಟಿಗಳನ್ನು ಕೂಡಿಸುವ ಶಿಯರ್ ವೆಬ್ ಎಂಬ ತೆಳು ಹಲಗೆಗಳು ಒಡೆದಿದ್ದವು, ಅವನ್ನೂ ಬದಲಿಸಿದೆ. ಬಲ ರೆಕ್ಕೆಗೆ ಏನೂ ಆಗಿರಲಿಲ್ಲ.

ಆರು ಹಾರಾಟ ಸುಸೂತ್ರವಾಗಿ ನಡೆದವು. ಏಳನೆಯದರಲ್ಲಿ, ಎತ್ತರದಿಂದ ನೇರ ಕೆಳಗಿಳಿದು, ಮೂತಿ ಮೇಲೆತ್ತಲು ಎಲಿವೇಟರ್ (ಬಾಲದ ಮಡಚು ಹಲಗೆ) ಎಳೆದ ಕ್ಷಣವೇ ‘ಲಟಕ್’ ಎಂಬ ಸದ್ದು. ರೆಕ್ಕೆ ಮೇಲಕ್ಕೆ ಮಡಚಿಕೊಂಡು ಕಳಚಿತು. ಮುರಿದದ್ದು ನಾಲ್ಕು ಮತ್ತು ಐದನೆಯ ರಿಬ್‌ಗಳ ನಡುವೆ, ಪ್ಲೈವುಡ್ ಮುಗಿದಲ್ಲಿಂದ ಬೆರಳಗಲ ಆಚೆ. ನಾನು ಕೊಟ್ಟ ಪಟ್ಟಿ ಹಾಗೆಯೇ ಇದೆ. ಇದು ಯಾವ ನ್ಯಾಯ?

ಧಾರವಾಡ_ಆರ್‌ಸಿ:

ಓದಿ ಬೇಸರವಾಯಿತು ಸರ್. ನನ್ನ ಮೊದಲ ಅನುಮಾನ ಫ್ಲಟರ್ ಮೇಲೆ. ಏಲೆರಾನ್ (ರೆಕ್ಕೆಯ ಹಿಂಬದಿಯ ಮಡಚು ಹಲಗೆ) ಕೊಂಡಿ ಸಡಿಲವಿದ್ದರೆ ವೇಗದಲ್ಲಿ ಅದು ಪಟಪಟನೆ ನಡುಗಿ ರೆಕ್ಕೆಯನ್ನೇ ಕಿತ್ತುಹಾಕುತ್ತದೆ. ಮುರಿಯುವ ಮೊದಲು ‘ಗುಂಯ್’ ಎಂಬ ಸದ್ದು ಕೇಳಿತೇ? ಅದನ್ನು ತಿರುಗಿಸುವ ಸಣ್ಣ ಮೋಟರ್, ಸರ್ವೊದ ಹಲ್ಲುಗಳು ಸರಿಯಾಗಿವೆಯೇ? ಇನ್ನೊಂದು ಮಾತು: ವಿಮಾನವನ್ನು ಕಾರಿನ ಡಿಕ್ಕಿಯಲ್ಲಿ ಇಟ್ಟಿದ್ದಿರಾ? ನಮ್ಮ ಏಪ್ರಿಲ್ ಬಿಸಿಲಿಗೆ ಮುಚ್ಚಿದ ಕಾರಿನಲ್ಲಿ ಐದು ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿ ಅಂಟು ಮೆತ್ತಗಾಗುತ್ತದೆ.

ಎರೆಹೊಲ (ಹುಬ್ಬಳ್ಳಿ):

ಗುಂಯ್ ಎನ್ನುವ ಸದ್ದು ಇರಲಿಲ್ಲ ಸರ್. ಸರ್ವೊ ಈಗಲೂ ಸರಿಯಾಗಿ ತಿರುಗುತ್ತದೆ, ಹಿಂಜ್‌ಗಳೂ ಬಿಗಿಯಾಗಿವೆ. ಡಿಕ್ಕಿಯಲ್ಲಿ ಇಟ್ಟದ್ದು ನಿಜ, ಎಪಾಕ್ಸಿಯೂ ಐದು ನಿಮಿಷದ್ದೇ. ಆದರೆ ಅಂಟು ಎಲ್ಲಿಯೂ ಬಿಟ್ಟಿಲ್ಲ, ಮರವೇ ಮುರಿದಿದೆ. ಮೇಲಿನ ಸ್ಪಾರ್ ಪಟ್ಟಿ ಜಜ್ಜಿದ ಹಾಗೆ ಮೊಂಡಾಗಿದೆ. ಕೆಳಗಿನದರಲ್ಲಿ ಉದ್ದುದ್ದ ಸಿಬಿರು ಎದ್ದಿದೆ. ವಿಮಾನದಲ್ಲಿ ಗಾಳಿವೇಗದ ಸೆನ್ಸರ್ ಇದೆ. ಎಳೆಯುವಾಗ ಗಂಟೆಗೆ 110 ಕಿ.ಮೀ. ತೋರಿಸಿದೆ. ಸ್ಟಾಲ್ ಆಗುವುದು, ಅಂದರೆ ರೆಕ್ಕೆ ವಿಮಾನವನ್ನು ಹೊರಲಾರದಷ್ಟು ವೇಗ ತಗ್ಗುವುದು, ಸುಮಾರು 30ಕ್ಕೆ.

ಗದಗ_ಬಾಲ್ಸಾ:

ಮುರಿದ ಮೈಯನ್ನು ಇಷ್ಟು ಚೆನ್ನಾಗಿ ವರ್ಣಿಸಿದ್ದೀರಿ, ಅರ್ಧ ಕೆಲಸ ಅಲ್ಲಿಯೇ ಮುಗಿಯಿತು. ಒಂದು ಒಣ ಜೋಳದ ದಂಟನ್ನು ಮೊಣಕಾಲಿಗೆ ಕೊಟ್ಟು ಬಾಗಿಸಿ ನೋಡಿ. ಒಳಬದಿ ಮೊದಲು ಸುಕ್ಕಾಗಿ ಕುಸಿಯುತ್ತದೆ, ಆಮೇಲೆ ಹೊರಬದಿಯ ಸಿಪ್ಪೆ ಸೀಳುತ್ತದೆ. ರೆಕ್ಕೆಯೂ ಹಾಗೆಯೇ. ಮೇಲೆತ್ತುವಾಗ ಮೇಲಿನ ಪಟ್ಟಿಗೆ ಒತ್ತಡ, ಕೆಳಗಿನದಕ್ಕೆ ಎಳೆತ. ಮರವು ನಾರಿನ ಉದ್ದಕ್ಕೆ ಎಳೆತವನ್ನು ತಡೆದಷ್ಟು ಒತ್ತಡವನ್ನು ತಡೆಯುವುದಿಲ್ಲ. ಆದ್ದರಿಂದ ಮೇಲಿನದು ಮೊದಲು ಹೋಯಿತು. ಇದು ಫ್ಲಟರ್ ಅಲ್ಲ, ಅಂಟಿನ ದೋಷವೂ ಅಲ್ಲ, ಬಾಗಿ ಮುರಿದದ್ದು.

ಬಲ ಎಷ್ಟಿತ್ತು ಎಂದು ಲೆಕ್ಕ ಹಾಕೋಣ. ಸ್ಟಾಲ್ ವೇಗದಲ್ಲಿ ರೆಕ್ಕೆ ತನ್ನ ವಿಮಾನದ ತೂಕವನ್ನಷ್ಟೇ ಎತ್ತಬಲ್ಲದು. ವೇಗ ಎರಡು ಪಟ್ಟಾದರೆ ನಾಲ್ಕು ಪಟ್ಟು ಎತ್ತಬಲ್ಲದು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ನಿಮ್ಮ 110ನ್ನು 30ರಿಂದ ಭಾಗಿಸಿ ವರ್ಗ ಮಾಡಿದರೆ 13ಕ್ಕಿಂತ ಹೆಚ್ಚು. 1.9 ಕಿಲೋ ವಿಮಾನ ಆ ಕ್ಷಣಕ್ಕೆ 25 ಕಿಲೋದಷ್ಟು ತೂಗಬಹುದಿತ್ತು, ಒಂದೊಂದು ರೆಕ್ಕೆಯ ಮೇಲೆ ಹನ್ನೆರಡೂವರೆ. ಎಲಿವೇಟರನ್ನು ಒಮ್ಮೆಲೇ ಪೂರ್ತಿ ಎಳೆದರೆ ಮಾತ್ರ ಇಷ್ಟು ಬರುತ್ತದೆ, ನಯವಾಗಿ ಎಳೆದರೆ ಬಹಳ ಕಡಿಮೆ. ಅದೇ 80 ಕಿ.ಮೀ. ವೇಗವಿದ್ದರೆ ಪೂರ್ತಿ ಎಳೆದರೂ ಇದರ ಅರ್ಧಕ್ಕೆ ನಿಲ್ಲುತ್ತಿತ್ತು. ಕೆಳಗಿಳಿಯುವಾಗ ಥ್ರಾಟಲ್ ಮುಚ್ಚುವುದು ಇದಕ್ಕಾಗಿಯೇ.

ಇನ್ನು ಮುರಿದ ಜಾಗ. ನಿಮ್ಮ ದುರಸ್ತಿ ಗಟ್ಟಿಯಾಗಿದೆ, ಅತಿ ಗಟ್ಟಿಯಾಗಿದೆ. ಬುಡದಿಂದ ನಾಲ್ಕನೆಯ ರಿಬ್‌ವರೆಗೆ ರೆಕ್ಕೆ ಈಗ ಬಾಗುವುದೇ ಇಲ್ಲ. ಅಲ್ಲಿ ಪ್ಲೈವುಡ್ ಕತ್ತರಿಸಿದ ಹಾಗೆ ನಿಂತುಬಿಡುತ್ತದೆ. ಬಾಗುವಿಕೆಯೆಲ್ಲ ಆ ಒಂದೇ ಗೆರೆಯ ಮೇಲೆ ಬಂದು ಕೂರುತ್ತದೆ. ಗಾಡಿಯ ಮರ ಸೀಳಿದಾಗ ನಮ್ಮ ಬಡಿಗೇರರು ಬೆಸುಗೆಯನ್ನು ಉದ್ದ ಓರೆ ಮಾಡಿ ಕೂಡಿಸುತ್ತಾರೆ, ಅಡ್ಡಕ್ಕೆ ಕೊಯ್ದು ತುಂಡು ಇಡುವುದಿಲ್ಲ. ನೀವೂ ಹಾಗೆ ಮಾಡಬೇಕಿತ್ತು.

ಆದರೆ ಒಂದು ಪ್ರಶ್ನೆ ಉಳಿದಿದೆ. ಬದಲಿಸಿದ ವೆಬ್‌ಗಳಲ್ಲಿ ಮರದ ನಾರು ಯಾವ ದಿಕ್ಕಿಗಿತ್ತು?

ಎರೆಹೊಲ (ಹುಬ್ಬಳ್ಳಿ):

ಈಗ ಹೋಗಿ ನೋಡಿ ಬಂದೆ. ರೆಕ್ಕೆಯ ಉದ್ದಕ್ಕೆ ಇದೆ ಸರ್. ಬಾಲ್ಸಾ ಹಾಳೆಯಿಂದ ಉದ್ದ ಪಟ್ಟಿ ಕೊಯ್ಯುವುದು ಸುಲಭವೆಂದು ಹಾಗೆ ಮಾಡಿದ್ದೆ. ಐದನೆಯ ರಿಬ್‌ವರೆಗೂ ಹಾಗೆಯೇ ಹಾಕಿದ್ದೇನೆ.

ಗದಗ_ಬಾಲ್ಸಾ:

ಹಾಗಾದರೆ ದೊಡ್ಡ ಕಾರಣ ಇದು, ಪ್ಲೈವುಡ್ ಎರಡನೆಯದು. ಮೇಲಿನ ಮತ್ತು ಕೆಳಗಿನ ಪಟ್ಟಿಗಳು ಒಂದರ ಮೇಲೊಂದು ಜಾರದಂತೆ ಮತ್ತು ಹತ್ತಿರಕ್ಕೆ ಬಾರದಂತೆ ಹಿಡಿಯುವುದು ವೆಬ್‌ನ ಕೆಲಸ. ನಾರು ನೆಟ್ಟಗೆ, ಅಂದರೆ ಮೇಲಿಂದ ಕೆಳಗೆ ನಿಂತಿದ್ದರೆ ಅದು ಕಂಬದ ಹಾಗೆ ತಡೆಯುತ್ತದೆ. ಮಲಗಿದ್ದರೆ ನಾರಿನ ಗುಂಟ ಸೀಳಿಹೋಗುತ್ತದೆ. ಮೊದಲ ನಾಲ್ಕು ಅಂಕಣಗಳಲ್ಲಿ (ರಿಬ್‌ಗಳ ನಡುವಿನ ಜಾಗಗಳಲ್ಲಿ) ಪ್ಲೈವುಡ್ ನಿಮ್ಮ ತಪ್ಪನ್ನು ಮುಚ್ಚಿಕೊಂಡಿತ್ತು. ಐದನೆಯದರಲ್ಲಿ ಮುಚ್ಚಲು ಯಾರೂ ಇರಲಿಲ್ಲ.

ಹೀಗೆ ಮಾಡಿ. ಮುರಿದ ಸ್ಪಾರ್ ಪಟ್ಟಿಯನ್ನು ಓರೆಯಾಗಿ ಕೊಯ್ದು ಹೊಸದನ್ನು ಕೂಡಿಸಿ. ಓರೆಯ ಉದ್ದ ದಪ್ಪದ ಹತ್ತು ಪಟ್ಟಾದರೂ ಇರಲಿ: 6 ಮಿ.ಮೀ. ಪಟ್ಟಿಗೆ 60 ಮಿ.ಮೀ. ಮೇಲಿನ ಬೆಸುಗೆ ಮತ್ತು ಕೆಳಗಿನ ಬೆಸುಗೆ ಒಂದೇ ಅಂಕಣದಲ್ಲಿ ಬರಬಾರದು. ಪ್ಲೈವುಡ್ 1 ಮಿ.ಮೀ.ದು ಸಾಕು, ತುದಿಯನ್ನು ಮೀನಿನ ಬಾಲದಂತೆ ಸೀಳಿ ಮೊನೆಯಾಗಿಸಿ. ವೆಬ್‌ಗಳನ್ನೆಲ್ಲ ನಾರು ನೆಟ್ಟಗಿರುವಂತೆ ಹೊಸದಾಗಿ ಹಾಕಿ. ಅಂಟು ಅರ್ಧ ಗಂಟೆಯ ಎಪಾಕ್ಸಿ ಇರಲಿ, ಅಥವಾ ಬಡಿಗೇರರ ಬಿಳಿ ಅಂಟು ಹಾಕಿ ಒಂದು ರಾತ್ರಿ ಬಿಡಿ.

ಹಾವೇರಿ_ಗ್ಲೈಡರ್:

ಇಷ್ಟೆಲ್ಲ ಏಕೆ? ಸ್ಪಾರ್‌ನ ಮೇಲೆ, ಕೆಳಗೆ ಉದ್ದಕ್ಕೂ ಕಾರ್ಬನ್ ಪಟ್ಟಿ ಅಂಟಿಸಿದರೆ ಆಯಿತಲ್ಲವೇ? ನನ್ನ ಗ್ಲೈಡರಿಗೆ ಹಾಗೆಯೇ ಮಾಡಿದ್ದೇನೆ, ಎರಡು ವರ್ಷದಿಂದ ಚೆನ್ನಾಗಿದೆ.

ಗದಗ_ಬಾಲ್ಸಾ:

ಕಾರ್ಬನ್ ಒಳ್ಳೆಯದೇ. ಆದರೆ ವೆಬ್ ಸರಿಯಿಲ್ಲದಿದ್ದರೆ ಅದರ ಬಲ ವ್ಯರ್ಥ. ಒಂದು ರೆಕ್ಕೆಗೆ ಮಾತ್ರ ಹಾಕಿದರೆ ಎರಡರ ಬಾಗುವಿಕೆ ಬೇರೆಯಾಗಿ ಲೂಪ್ ಮಾಡುವಾಗ ವಿಮಾನ ಒಂದು ಕಡೆಗೆ ಹೊರಳುತ್ತದೆ. ಮುಂದೆ ಬಲವೆಲ್ಲ ಕೊಳವೆ ಕೂರುವ ತೊಟ್ಟಿಲಿಗೂ ಫ್ಯೂಸಲೇಜ್‌ನ (ವಿಮಾನದ ಒಡಲಿನ) ಫಾರ್ಮರ್ ಎಂಬ ಅಡ್ಡ ಚೌಕಟ್ಟುಗಳಿಗೂ ಹೋಗುತ್ತದೆ, ಅವನ್ನೂ ನೋಡಬೇಕಾಗುತ್ತದೆ.

ಎರೆಹೊಲದವರೇ, ಬಲ ರೆಕ್ಕೆಯ ಮೇಲೆ ನನಗೆ ನಂಬಿಕೆಯಿಲ್ಲ. ಎರಡು ಸುತ್ತು ಉರುಳಿದ ವಿಮಾನದಲ್ಲಿ ಒಂದೇ ರೆಕ್ಕೆಗೆ ಪೆಟ್ಟು ಬೀಳುವುದು ಅಪರೂಪ. ಒತ್ತಡಕ್ಕೆ ಸಿಕ್ಕ ಮರದಲ್ಲಿ ನಾರಿಗೆ ಅಡ್ಡಲಾಗಿ ಕೂದಲೆಳೆಯಂಥ ಗೆರೆ ಉಳಿದಿರುತ್ತದೆ, ರೆಕ್ಕೆಗೆ ಹೊದಿಸಿದ ಫಿಲ್ಮ್ ಮೇಲಿಂದ ಕಾಣುವುದಿಲ್ಲ. ಹಾರಿಸುವ ಮೊದಲು ಎರಡಕ್ಕೂ ತೂಕ ಹೇರಿ ಪರೀಕ್ಷಿಸಿ. ರೆಕ್ಕೆಯನ್ನು ತಲೆಕೆಳಗು ಮಾಡಿ ಕೊಳವೆಯನ್ನು ಮೇಜಿಗೆ ಬಿಗಿಯಿರಿ. ಧಾನ್ಯದ ಸಣ್ಣ ಚೀಲಗಳನ್ನು ಬುಡದ ಕಡೆ ಹೆಚ್ಚು, ತುದಿಯ ಕಡೆ ಕಡಿಮೆ ಇರುವಂತೆ ಸಾಲಾಗಿ ಇಡಿ. ಎಂಟು ಜಿ, ಅಂದರೆ ವಿಮಾನದ ತೂಕದ ಎಂಟು ಪಟ್ಟು, ಲೆಕ್ಕಕ್ಕೆ ಒಂದು ರೆಕ್ಕೆಗೆ ಏಳೂವರೆ ಕಿಲೋ.

ಎರೆಹೊಲ (ಹುಬ್ಬಳ್ಳಿ), ಮೂರು ವಾರಗಳ ನಂತರ:

ಸರ್, ನೀವು ಹೇಳಿದ ಹಾಗೆಯೇ ಎಡ ರೆಕ್ಕೆಯನ್ನು ಕಟ್ಟಿದೆ. ನಿನ್ನೆ ರಾತ್ರಿ ಅರ್ಧರ್ಧ ಕಿಲೋ ಜೋಳದ ಚೀಲಗಳನ್ನು ಹೊಲಿದು ಪರೀಕ್ಷೆ ಮಾಡಿದೆ. ಅವ್ವ ದೀಪ ಹಿಡಿದು ನಿಂತಿದ್ದಳು. ಎಡ ರೆಕ್ಕೆ ಏಳೂವರೆ ಕಿಲೋಗೆ ತುದಿಯಲ್ಲಿ 22 ಮಿ.ಮೀ. ಬಾಗಿತು. ಚೀಲ ತೆಗೆದಾಗ ಇದ್ದಲ್ಲಿಗೆ ಮರಳಿತು, ಒಂದು ಸದ್ದೂ ಇಲ್ಲ.

ಬಲ ರೆಕ್ಕೆ ನಾಲ್ಕು ಕಿಲೋಗೇ ‘ಟಿಕ್’ ಎಂದಿತು. ತಕ್ಷಣ ಚೀಲ ಇಳಿಸಿದೆ. ಫಿಲ್ಮ್ ಕೊಯ್ದು ದೀಪವನ್ನು ಓರೆಯಾಗಿ ಹಿಡಿದರೆ, ಮೂರನೆಯ ರಿಬ್ ಪಕ್ಕ ಮೇಲಿನ ಪಟ್ಟಿಯ ಮೇಲೆ ನೀವು ಹೇಳಿದ ಗೆರೆ ಕಂಡಿತು. ಅಲ್ಲಿನ ವೆಬ್ ಒಂದು ಬದಿಯಲ್ಲಿ ಅಂಟು ಬಿಟ್ಟಿತ್ತು. ಈ ರೆಕ್ಕೆಯನ್ನು ನಂಬಿ ಏಳು ಸಲ ಹಾರಿಸಿದ್ದೇನೆ. ಆ ಹೊಲದ ಬದುವಿನಲ್ಲಿ ಹುಡುಗರು ನಿಂತು ನೋಡುತ್ತಿರುತ್ತಾರೆ.

ಬಲ ರೆಕ್ಕೆಯನ್ನು ಪೂರ್ತಿ ಬಿಚ್ಚುತ್ತಿದ್ದೇನೆ. ಒಂದು ಸಂಶಯ: ಗೆರೆ ಕೊಳವೆಯ ತೊಟ್ಟಿಲಿನ ಮೇಲೆಯೇ ಇದೆ, ಅಲ್ಲಿ 60 ಮಿ.ಮೀ. ಓರೆಗೆ ಜಾಗವಿಲ್ಲ. ಪಟ್ಟಿಯನ್ನು ಬುಡದಿಂದಲೇ ಹೊಸದಾಗಿ ಹಾಕಲೇ?

ಗದಗ_ಬಾಲ್ಸಾ:

ಹೌದು, ಬುಡದಿಂದಲೇ ಹಾಕಿ. ಬೆಸುಗೆಯನ್ನು ಐದನೆಯ ರಿಬ್‌ನ ಆಚೆಗೆ ಒಯ್ಯಿರಿ, ಅಲ್ಲಿ ಬಲವೂ ಕಡಿಮೆ, ಕೈಯೂ ಆಡುತ್ತದೆ. ತೊಟ್ಟಿಲನ್ನು ಕೀಳಬೇಡಿ, ಹಳೆಯ ಪಟ್ಟಿಯನ್ನು ಬ್ಲೇಡಿನಿಂದ ಸೀಳು ಸೀಳಾಗಿ ತೆಗೆಯಿರಿ. ಮುಗಿದ ಮೇಲೆ ಮತ್ತೆ ಅದೇ ಏಳೂವರೆ ಕಿಲೋ ಹೇರಿ, ಎರಡೂ ರೆಕ್ಕೆಗಳ ಬಾಗುವಿಕೆಯನ್ನು ಇಲ್ಲಿ ಬರೆಯಿರಿ.